ಗೃಹ ಆವೃತ್ತಿಯಿಂದ ವೃತ್ತಿಪರ ಆವೃತ್ತಿಗೆ: ಗಣಕಯಂತ್ರದ ಕಾರ್ಯಾಚರಣ ವ್ಯವಸ್ಥೆಯ ಉನ್ನತೀಕರಣ

ಗಣಕಯಂತ್ರವು ಕಚೇರಿಯ ಹೊಸ್ತಿಲನ್ನು ದಾಟಿ ಮನೆಯೊಳಗೆ ಬಂದು ಬಹಳ ಕಾಲವಾಯಿತು. ಇಂದು ತೆರಿಗೆ ಸಲಹೆಗಾರರು, ವಕೀಲರು, ವೈದ್ಯರು, ಸಣ್ಣ ವ್ಯಾಪಾರಿಗಳು, ಸಂಘ-ಸಂಸ್ಥೆಗಳ ಕಾರ್ಯದರ್ಶಿಗಳು ಮೊದಲಾದ ಅನೇಕರು ಮನೆಬಳಕೆಗೆಂದು ಕೊಂಡ ಯಂತ್ರದಲ್ಲಿಯೇ ವೃತ್ತಿಯ ಕೆಲಸವನ್ನೂ ನಿರ್ವಹಿಸುತ್ತಿದ್ದಾರೆ. ಆ ಯಂತ್ರದಲ್ಲಿ ಅವರ ಸ್ವಂತ ಕಾಗದಪತ್ರಗಳಲ್ಲದೆ, ಅವರನ್ನು ನಂಬಿದ ಇತರರ ಆದಾಯದ ವಿವರ, ಬ್ಯಾಂಕ್ ಖಾತೆಯ ಸಂಖ್ಯೆ, ರೋಗದ ಚರಿತ್ರೆ, ಆಸ್ತಿಪತ್ರಗಳ ಪ್ರತಿ ಇವೆಲ್ಲವೂ ಸಂಗ್ರಹವಾಗಿರುತ್ತವೆ.

ಇಂಥ ಸಲಹೆಗಾರರೊಬ್ಬರು ಮುಂಬಯಿಯ ಲೋಕಲ್ ರೈಲಿನಲ್ಲಿ ಲ್ಯಾಪ್‌ಟಾಪಿನ ಚೀಲವನ್ನು ಮರೆತು ಇಳಿದರೆಂದು ಭಾವಿಸೋಣ. ಯಂತ್ರವನ್ನು ತೆರೆಯಲು ಪಾಸ್‌ವರ್ಡ್ ಬೇಕು, ಆದ್ದರಿಂದ ಒಳಗಿನ ಮಾಹಿತಿಗೆ ಅಪಾಯವಿಲ್ಲ ಎಂದು ಅವರು ಸಮಾಧಾನಪಡಬಹುದು. ಆದರೆ ಈ ಸಮಾಧಾನಕ್ಕೆ ಆಧಾರವಿಲ್ಲ. ಗೂಢಲಿಪಿಗೆ ಪರಿವರ್ತಿಸದ ಡಿಸ್ಕನ್ನು ಬಿಚ್ಚಿ ಬೇರೊಂದು ಯಂತ್ರಕ್ಕೆ ಜೋಡಿಸಿದರೆ, ಪಾಸ್‌ವರ್ಡಿನ ಗೊಡವೆಯಿಲ್ಲದೆ ಅದರಲ್ಲಿರುವ ಕಡತಗಳನ್ನೆಲ್ಲ ಓದಬಹುದು. ಪಾಸ್‌ವರ್ಡು ಮನೆಯ ಮುಂಬಾಗಿಲಿನ ಬೀಗವಿದ್ದಂತೆ. ಪೆಟ್ಟಿಗೆಯನ್ನೇ ಹೊತ್ತೊಯ್ದವನಿಗೆ ಆ ಬೀಗ ಅಡ್ಡಿಯಾಗುವುದಿಲ್ಲ. ಕಾರ್ಯಾಚರಣ ವ್ಯವಸ್ಥೆಯ ವೃತ್ತಿಪರ ಆವೃತ್ತಿಯ ಅಗತ್ಯವನ್ನು ಇಂಥ ಸಂದರ್ಭವನ್ನು ಮನಸ್ಸಿನಲ್ಲಿಟ್ಟುಕೊಂಡು ಪರಿಶೀಲಿಸುವುದು ಯುಕ್ತ.

ಎರಡು ಪರಂಪರೆಗಳು

ಗಣಕಯಂತ್ರದ ಯಂತ್ರಭಾಗಗಳಿಗೂ ಬಳಕೆದಾರನ ಕೆಲಸಕ್ಕೂ ನಡುವೆ ನಿಂತು ಎಲ್ಲವನ್ನೂ ನಿಯಂತ್ರಿಸುವ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. ಮನೆ ಮತ್ತು ಸಣ್ಣ ಕಚೇರಿಗಳ ಯಂತ್ರಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವುದು ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್. ಇದಕ್ಕೆ ಗೃಹ ಮತ್ತು ವೃತ್ತಿಪರ ಎಂಬ ಎರಡು ರೂಪಗಳು ಬಂದುದರ ಹಿಂದೆ ಒಂದು ಇತಿಹಾಸವಿದೆ.

1990ರ ದಶಕದಲ್ಲಿ ವಿಂಡೋಸ್ ಎರಡು ಕವಲುಗಳಲ್ಲಿ ಬೆಳೆಯಿತು. ಹಳೆಯ ಡಾಸ್ ತಳಹದಿಯ ಮೇಲೆ ನಿಂತ ವಿಂಡೋಸ್ 95 ಮತ್ತು 98 ಮನೆಗಳನ್ನು ಪ್ರವೇಶಿಸಿದವು. 1993ರಲ್ಲಿ ಬಿಡುಗಡೆಯಾದ ವಿಂಡೋಸ್ ಎನ್‌ಟಿ ಕಚೇರಿಗಳಿಗಾಗಿ ಹೊಸದಾಗಿ ರೂಪುಗೊಂಡ ವ್ಯವಸ್ಥೆ. ಪ್ರತಿಯೊಬ್ಬ ಬಳಕೆದಾರನಿಗೂ ಪ್ರತ್ಯೇಕ ಖಾತೆ, ಯಾವ ಕಡತವನ್ನು ಯಾರು ತೆರೆಯಬಹುದೆಂಬ ನಿರ್ಬಂಧ ಇವು ಅದರ ವೈಶಿಷ್ಟ್ಯಗಳಾಗಿದ್ದವು. 2000ದಲ್ಲಿ ಬಂದ ವಿಂಡೋಸ್ 2000 ಪ್ರೊಫೆಷನಲ್ ಈ ಎರಡನೆಯ ಕವಲಿಗೆ ಸೇರಿದ್ದು. 2001ರ ಅಕ್ಟೋಬರ್ 25ರಂದು ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯು ಎನ್‌ಟಿ ತಳಹದಿಯನ್ನೇ ಮನೆಬಳಕೆಗೂ ಒದಗಿಸಿತು. ಅಂದಿನಿಂದ ತಳಹದಿ ಒಂದೇ ಆಯಿತು. ಆದರೆ ಮಾರಾಟದಲ್ಲಿ ಹೋಮ್ ಮತ್ತು ಪ್ರೊಫೆಷನಲ್ ಎಂಬ ಎರಡು ಆವೃತ್ತಿಗಳು ಉಳಿದುಕೊಂಡವು. 2015ರಲ್ಲಿ ಬಂದ ವಿಂಡೋಸ್ 10 ಮತ್ತು 2021ರಲ್ಲಿ ಬಂದ ವಿಂಡೋಸ್ 11 ಇದೇ ಕ್ರಮವನ್ನು ಮುಂದುವರಿಸಿದವು. ವೃತ್ತಿಪರ ಆವೃತ್ತಿಗೆ ಈಗ ಪ್ರೊ ಎಂಬ ಚುಟುಕು ಹೆಸರಿದೆ.

ಪೀಳಿಗೆ ಬೇರೆ, ಆವೃತ್ತಿ ಬೇರೆ

ಇಲ್ಲಿ ಒಂದು ಗೊಂದಲವನ್ನು ಮೊದಲೇ ನಿವಾರಿಸಿಕೊಳ್ಳಬೇಕು. ವಿಂಡೋಸ್ 10ರಿಂದ 11ಕ್ಕೆ ಹೋಗುವುದು ಪೀಳಿಗೆಯ ಬದಲಾವಣೆ. ಹೋಮ್‌ನಿಂದ ಪ್ರೊಗೆ ಹೋಗುವುದು ಆವೃತ್ತಿಯ ಬದಲಾವಣೆ. ಅರ್ಹ ಯಂತ್ರಗಳಿಗೆ ಪೀಳಿಗೆಯ ಬದಲಾವಣೆಯನ್ನು ಉಚಿತವಾಗಿ ನೀಡಲಾಗಿದೆ. ಆದರೆ 10ರ ಹೋಮ್ ಆವೃತ್ತಿಯು 11ರ ಹೋಮ್ ಆವೃತ್ತಿಯೇ ಆಗುತ್ತದೆಯೇ ಹೊರತು ತಾನಾಗಿ ಪ್ರೊ ಆಗುವುದಿಲ್ಲ. ಆವೃತ್ತಿಯ ಬದಲಾವಣೆಗೆ ಬೆಲೆ ತೆರಬೇಕು.

ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಕನಿಷ್ಠ 4 ಗಿಗಾಬೈಟ್ ಸ್ಮರಣೆ, 64 ಗಿಗಾಬೈಟ್ ಸಂಗ್ರಹ ಸ್ಥಳ, ಮಾನ್ಯತೆ ಪಡೆದ 64 ಬಿಟ್ ಸಂಸ್ಕಾರಕ ಹಾಗೂ ಟಿಪಿಎಂ 2.0 ಎಂಬ ಭದ್ರತಾ ಘಟಕ ಅಗತ್ಯ. ಆದುದರಿಂದ ಯಂತ್ರವು ಹೊಸ ಪೀಳಿಗೆಗೆ ಅರ್ಹವೇ ಎಂಬುದನ್ನು ಮೊದಲು ಪರಿಶೀಲಿಸಿ, ಆನಂತರವೇ ಆವೃತ್ತಿಯ ವಿಚಾರಕ್ಕೆ ಬರುವುದು ಲೇಸು. ಅರ್ಹತೆಯಿಲ್ಲದ ಹಳೆಯ ಯಂತ್ರಕ್ಕೆ ಪ್ರೊ ಪರವಾನಗಿ ಕೊಳ್ಳುವುದು ಸೋರುವ ಮಾಡಿನ ಕೆಳಗೆ ಗೋಡೆಗೆ ಬಣ್ಣ ಬಳಿದಂತಾಗುತ್ತದೆ.

ವೃತ್ತಿಪರ ಆವೃತ್ತಿಯಲ್ಲಿ ದೊರೆಯುವುದೇನು?

ಪ್ರೊ ಹಾಕಿಸಿದರೆ ಯಂತ್ರದ ವೇಗ ಹೆಚ್ಚುತ್ತದೆಂಬ ನಂಬಿಕೆ ಹಲವರಲ್ಲಿದೆ. ಇದು ನಿಜವಲ್ಲ. ಎರಡೂ ಆವೃತ್ತಿಗಳ ತಿರುಳು ಒಂದೇ. ವೈರಸ್ ನಿರೋಧಕ ತಂತ್ರಾಂಶ, ಫೈರ್‌ವಾಲ್, ಭದ್ರತಾ ನವೀಕರಣ ಇವೆಲ್ಲ ಎರಡರಲ್ಲೂ ದೊರೆಯುತ್ತವೆ. ವ್ಯತ್ಯಾಸವಿರುವುದು ಮುಖ್ಯವಾಗಿ ಮಾಹಿತಿಯ ರಕ್ಷಣೆಯಲ್ಲಿ ಮತ್ತು ಯಂತ್ರದ ನಿಯಂತ್ರಣದಲ್ಲಿ.

ಮೊದಲನೆಯದು ಬಿಟ್‌ಲಾಕರ್. ಇದು ಡಿಸ್ಕಿನಲ್ಲಿರುವ ಎಲ್ಲ ಮಾಹಿತಿಯನ್ನೂ ಗೂಢಲಿಪಿಗೆ ಪರಿವರ್ತಿಸುತ್ತದೆ. ಡಿಸ್ಕನ್ನು ಬೇರೆ ಯಂತ್ರಕ್ಕೆ ಜೋಡಿಸಿದವನಿಗೆ ಅರ್ಥವಿಲ್ಲದ ಸಂಕೇತಗಳಷ್ಟೇ ಕಾಣುತ್ತವೆ. ಹೊರಗಿನ ಡಿಸ್ಕುಗಳು ಮತ್ತು ಪೆನ್ ಡ್ರೈವ್‌ಗಳಿಗೂ ಇದೇ ರಕ್ಷಣೆ ನೀಡಬಹುದು. ಹೋಮ್ ಆವೃತ್ತಿಯ ಕೆಲವು ಯಂತ್ರಗಳಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಎಂಬ ಸರಳ ಸೌಲಭ್ಯವಿರುತ್ತದೆ. ಅದು ಯಂತ್ರದೊಳಗಿನ ಡಿಸ್ಕಿಗೆ ಇಂಥದೇ ರಕ್ಷಣೆ ಕೊಡುತ್ತದೆಯಾದರೂ, ಯಾವ ಡಿಸ್ಕಿಗೆ, ಯಾವ ಬಗೆಯ ಕೀಲಿ ಎಂದು ಆಯ್ದುಕೊಳ್ಳುವ ಅವಕಾಶ ಅಲ್ಲಿಲ್ಲ. ಕೇವಲ ಕಳ್ಳತನದ ಭಯವಿರುವವರು ತಮ್ಮ ಯಂತ್ರದಲ್ಲಿ ಈ ಸೌಲಭ್ಯವಿದೆಯೇ ಎಂದು ನೋಡಿಕೊಂಡರೆ ಖರ್ಚು ಉಳಿಯಬಹುದು.

ಎರಡನೆಯದು ರಿಮೋಟ್ ಡೆಸ್ಕ್‌ಟಾಪ್. ಪುಣೆಯ ಮನೆಯಲ್ಲಿ ಕುಳಿತು ಕಚೇರಿಯ ಯಂತ್ರವನ್ನು ನಡೆಸಬೇಕಾದರೆ, ಕಚೇರಿಯಲ್ಲಿರುವ ಯಂತ್ರದಲ್ಲಿ ಪ್ರೊ ಇರಬೇಕು. ಮನೆಯ ಯಂತ್ರದಲ್ಲಿ ಹೋಮ್ ಇದ್ದರೂ ಸಾಕು. ಆದುದರಿಂದ ಎರಡು ಯಂತ್ರಗಳಿಗೂ ಪರವಾನಗಿ ಕೊಳ್ಳುವ ಅಗತ್ಯವಿಲ್ಲ. ಆದರೆ ಈ ಬಾಗಿಲನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡುವುದು ಅತ್ಯಂತ ಅಪಾಯಕರ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಕರ್ಮಿಗಳು ಒಳನುಗ್ಗುವ ಪ್ರಮುಖ ದಾರಿಗಳಲ್ಲಿ ಇದೂ ಒಂದಾಗಿದೆ. ವಿಪಿಎನ್ ಎಂಬ ಸುರಕ್ಷಿತ ಮಾರ್ಗದ ಮೂಲಕ ಮಾತ್ರ ಇದನ್ನು ಬಳಸತಕ್ಕದ್ದು.

ಮೂರನೆಯದು ನಿಯಮಗಳನ್ನು ವಿಧಿಸುವ ಅಧಿಕಾರ. ಗ್ರೂಪ್ ಪಾಲಿಸಿ ಎಂಬ ಸಾಧನದ ಮೂಲಕ ಪೆನ್ ಡ್ರೈವ್ ಬಳಕೆಯನ್ನು ತಡೆಯಬಹುದು; ಹೊಸ ಸೌಲಭ್ಯಗಳ ನವೀಕರಣವನ್ನು 365 ದಿನಗಳವರೆಗೆ ಮುಂದೂಡಬಹುದು. ಹತ್ತಾರು ಯಂತ್ರಗಳಿರುವ ಕಚೇರಿಯಲ್ಲಿ ಎಲ್ಲವನ್ನೂ ಡೊಮೇನ್ ಎಂಬ ಒಂದೇ ಆಡಳಿತದ ಕೆಳಗೆ ತರಲು ಪ್ರೊ ಇಲ್ಲವೆ ಅದಕ್ಕಿಂತ ಮೇಲಿನ ಆವೃತ್ತಿ ಅನಿವಾರ್ಯ.

ನಾಲ್ಕನೆಯದು ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ನಡೆಸುವ ಸೌಲಭ್ಯ. ಹೈಪರ್-ವಿ ತಂತ್ರಾಂಶ ರಚಿಸುವವರಿಗೆ ಉಪಯುಕ್ತ. ವಿಂಡೋಸ್ ಸ್ಯಾಂಡ್‌ಬಾಕ್ಸ್‌ನಲ್ಲಿ ಅನುಮಾನಾಸ್ಪದ ಕಡತವನ್ನು ತೆರೆದು ನೋಡಬಹುದು. ಕಿಟಕಿಯನ್ನು ಮುಚ್ಚಿದೊಡನೆ ಅದರೊಳಗೆ ನಡೆದುದೆಲ್ಲ ಅಳಿಸಿಹೋಗುತ್ತದೆ.

ಮೇಲಿನ ನಾಲ್ಕರಲ್ಲಿ ಒಂದಾದರೂ ನಿತ್ಯದ ಕೆಲಸಕ್ಕೆ ಬೇಕಾಗಿದ್ದರೆ ಉನ್ನತೀಕರಣ ಸಾರ್ಥಕ. ಪತ್ರ ಬರೆಯುವುದು, ಮಕ್ಕಳ ಪಾಠ, ಚಲನಚಿತ್ರ ವೀಕ್ಷಣೆ ಇಷ್ಟೇ ಉದ್ದೇಶವಾಗಿದ್ದರೆ ಹೋಮ್ ಆವೃತ್ತಿಯೇ ಸಾಕು.

ಕನ್ನಡ ಬಳಸುವವರು ಗಮನಿಸಬೇಕಾದುದು

ಭಾರತದಲ್ಲಿ ಮಾರಾಟವಾಗುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಹೋಮ್ ಸಿಂಗಲ್ ಲ್ಯಾಂಗ್ವೇಜ್ ಎಂಬ ಆವೃತ್ತಿ ಇರುತ್ತದೆ. ಇದರಲ್ಲಿ ಪರದೆಯ ಮೇಲಿನ ಪಟ್ಟಿ ಮತ್ತು ಸೂಚನೆಗಳು ಒಂದೇ ಭಾಷೆಯಲ್ಲಿ ಕಾಣುತ್ತವೆ. ಇನ್ನೊಂದು ಭಾಷೆಯನ್ನು ಸೇರಿಸಿಕೊಳ್ಳಲು ಅವಕಾಶವಿಲ್ಲ. ಇಂಗ್ಲಿಷ್‌ನಲ್ಲಿ ಬಂದ ಯಂತ್ರದ ಸೂಚನೆಗಳನ್ನು ಕನ್ನಡದಲ್ಲಿ ನೋಡಬಯಸುವವರಿಗೆ ಇದು ಅಡ್ಡಿಯಾಗುತ್ತದೆ. ಪ್ರೊ ಆವೃತ್ತಿಯಲ್ಲಿ ಈ ನಿರ್ಬಂಧವಿಲ್ಲ.

ಆದರೆ ಕನ್ನಡದಲ್ಲಿ ಬೆರಳಚ್ಚು ಮಾಡುವುದಕ್ಕೆ ಮತ್ತು ಕನ್ನಡ ಓದುವುದಕ್ಕೆ ಉನ್ನತೀಕರಣ ಬೇಕಾಗಿಲ್ಲ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿಯೇ ತುಂಗಾ ಎಂಬ ಕನ್ನಡ ಯೂನಿಕೋಡ್ ಅಕ್ಷರವಿನ್ಯಾಸ ವಿಂಡೋಸ್‌ನೊಂದಿಗೆ ಬಂದಿತ್ತು. ಇನ್‌ಸ್ಕ್ರಿಪ್ಟ್ ಮತ್ತು ಧ್ವನ್ಯಾತ್ಮಕ ಕೀಲಿಮಣೆ ವಿನ್ಯಾಸಗಳು ಇಂದು ಎಲ್ಲ ಆವೃತ್ತಿಗಳಲ್ಲೂ ಲಭ್ಯವಿವೆ. ಕನ್ನಡ ಬರೆಯಬೇಕಾದರೆ ಪ್ರೊ ಬೇಕೇ ಬೇಕು ಎಂದು ಅಂಗಡಿಯವರು ಹೇಳಿದರೆ ಅದನ್ನು ನಂಬಬೇಕಾಗಿಲ್ಲ.

ಉನ್ನತೀಕರಣಕ್ಕೆ ಮುನ್ನ

1. ಈಗ ಇರುವ ಆವೃತ್ತಿಯನ್ನು ತಿಳಿದುಕೊಳ್ಳಬೇಕು. ಸೆಟ್ಟಿಂಗ್ಸ್ ಪುಟದಲ್ಲಿ ಸಿಸ್ಟಂ, ಅದರಲ್ಲಿ ಅಬೌಟ್ ಎಂಬುದನ್ನು ತೆರೆದರೆ ಪೀಳಿಗೆ ಮತ್ತು ಆವೃತ್ತಿ ಎರಡೂ ಕಾಣುತ್ತವೆ. ಕೆಲವು ಯಂತ್ರಗಳಲ್ಲಿ, ವಿಶೇಷವಾಗಿ ಕಚೇರಿಗಳಿಂದ ಬಂದ ಹಳೆಯ ಯಂತ್ರಗಳಲ್ಲಿ, ಪ್ರೊ ಮೊದಲೇ ಇರಬಹುದು.

2. ಈಗಿನ ಪರವಾನಗಿ ಸಕ್ರಿಯವಾಗಿದೆಯೇ ಎಂಬುದನ್ನು ಆಕ್ಟಿವೇಷನ್ ಪುಟದಲ್ಲಿ ನೋಡಬೇಕು.

3. ಮುಖ್ಯ ಕಡತಗಳ ಪ್ರತಿಯನ್ನು ಹೊರಗಿನ ಡಿಸ್ಕಿಗೆ ತೆಗೆದಿಡಬೇಕು. ತೆಗೆದಿಟ್ಟರಷ್ಟೇ ಸಾಲದು, ಆ ಪ್ರತಿಯಿಂದ ಒಂದೆರಡು ಕಡತಗಳನ್ನು ತೆರೆದು ಅವು ಸರಿಯಾಗಿವೆಯೆಂದು ಖಚಿತಪಡಿಸಿಕೊಳ್ಳಬೇಕು.

4. ಲ್ಯಾಪ್‌ಟಾಪನ್ನು ವಿದ್ಯುತ್ತಿಗೆ ಜೋಡಿಸಿರಬೇಕು. ಅಂತರಜಾಲ ಸಂಪರ್ಕ ಸ್ಥಿರವಾಗಿರಬೇಕು.

5. ಯಂತ್ರ ಕಚೇರಿಯದಾಗಿದ್ದರೆ ಅಲ್ಲಿನ ಗಣಕ ವಿಭಾಗದ ಅನುಮತಿ ಪಡೆಯಬೇಕು.

ಉನ್ನತೀಕರಣದ ವಿಧಾನ

ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ಆಕ್ಟಿವೇಷನ್ ಎಂಬ ಕ್ರಮದಲ್ಲಿ ಸಾಗಿದರೆ ಆವೃತ್ತಿಯನ್ನು ಉನ್ನತೀಕರಿಸುವ ಭಾಗ ಕಾಣುತ್ತದೆ. ಪ್ರೊ ಆವೃತ್ತಿಯ 25 ಅಕ್ಷರಗಳ ಉತ್ಪನ್ನ ಕೀಲಿ ಈಗಾಗಲೇ ಕೈಯಲ್ಲಿದ್ದರೆ ಅದನ್ನು ಅಲ್ಲಿ ನಮೂದಿಸಬಹುದು. ಇಲ್ಲದಿದ್ದರೆ ಅಲ್ಲಿಂದಲೇ ಮೈಕ್ರೋಸಾಫ್ಟ್ ಸ್ಟೋರನ್ನು ತೆರೆದು, ತೋರಿಸಿದ ಬೆಲೆಯನ್ನು ಪಾವತಿ ಮಾಡಿ ಪರವಾನಗಿ ಪಡೆಯಬಹುದು. ಎರಡೂ ಆವೃತ್ತಿಗಳ ತಿರುಳು ಒಂದೇ ಆಗಿರುವುದರಿಂದ ವ್ಯವಸ್ಥೆಯನ್ನು ಮೊದಲಿನಿಂದ ಸ್ಥಾಪಿಸಬೇಕಾಗಿಲ್ಲ. ಯಂತ್ರವು ಮರುಚಾಲನೆಗೊಂಡ ಮೇಲೆ ಹೊಸ ಆವೃತ್ತಿ ಜಾರಿಗೆ ಬರುತ್ತದೆ. ಕಡತಗಳೂ ಸ್ಥಾಪಿತ ತಂತ್ರಾಂಶಗಳೂ ಇದ್ದಂತೆಯೇ ಉಳಿಯುತ್ತವೆ.

ಪರವಾನಗಿಯು ಯಂತ್ರದ ಭಾಗಗಳೊಂದಿಗೆ ಬೆಸೆದುಕೊಂಡಿರುತ್ತದೆ. ಅದನ್ನು ಮೈಕ್ರೋಸಾಫ್ಟ್ ಖಾತೆಗೂ ಜೋಡಿಸಿಟ್ಟರೆ, ಮುಂದೆ ಮದರ್‌ಬೋರ್ಡ್ ಬದಲಿಸಬೇಕಾಗಿ ಬಂದಾಗ ಮರುಸಕ್ರಿಯಗೊಳಿಸುವುದು ಸುಲಭವಾಗುತ್ತದೆ. ಪ್ರೊನಿಂದ ಹೋಮ್‌ಗೆ ಮರಳುವುದು ಮಾತ್ರ ಸುಲಭವಲ್ಲ. ಅದಕ್ಕೆ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಬೇಕಾಗುತ್ತದೆ.

ಮರುಪ್ರಾಪ್ತಿ ಕೀಲಿ: ಮರೆಯಬಾರದ ಮಾತು

ಆವೃತ್ತಿ ಬದಲಾದ ಮಾತ್ರಕ್ಕೆ ಡಿಸ್ಕಿಗೆ ರಕ್ಷಣೆ ಬಂದಿತೆಂದು ಭಾವಿಸಬಾರದು. ಬಿಟ್‌ಲಾಕರ್ ಚಾಲನೆಯಲ್ಲಿದೆಯೇ ಎಂದು ಪರಿಶೀಲಿಸಿ, ಇಲ್ಲದಿದ್ದರೆ ಅದನ್ನು ಚಾಲನೆಗೊಳಿಸಬೇಕು. ಆಗ ವ್ಯವಸ್ಥೆಯು 48 ಅಂಕೆಗಳ ಮರುಪ್ರಾಪ್ತಿ ಕೀಲಿಯೊಂದನ್ನು ನೀಡಿ, ಅದನ್ನು ಎಲ್ಲಿ ಉಳಿಸಬೇಕೆಂದು ಕೇಳುತ್ತದೆ. ಉನ್ನತೀಕರಣದಲ್ಲಿ ಅತ್ಯಂತ ಎಚ್ಚರ ಬೇಕಾದ ಘಟ್ಟ ಇದೇ. ಅವಸರದಲ್ಲಿ ಗುಂಡಿಯನ್ನೊತ್ತಿ ಮುಂದೆ ಸಾಗಿದವರು ಮುಂದೊಂದು ದಿನ ಪಶ್ಚಾತ್ತಾಪಪಡಬೇಕಾಗುತ್ತದೆ.

ಮದರ್‌ಬೋರ್ಡ್ ಬದಲಾದಾಗ, ಯಂತ್ರದ ಆರಂಭಿಕ ತಂತ್ರಾಂಶ ನವೀಕರಣಗೊಂಡಾಗ, ಕೆಲವೊಮ್ಮೆ ದುರಸ್ತಿಯ ನಂತರ ಯಂತ್ರವು ಈ ಕೀಲಿಯನ್ನು ಕೇಳುತ್ತದೆ. ಕೀಲಿ ಇಲ್ಲದಿದ್ದರೆ ದುರಸ್ತಿಗಾರನಾಗಲಿ ತಯಾರಕ ಸಂಸ್ಥೆಯಾಗಲಿ ಅದನ್ನು ಹೊಸದಾಗಿ ಸೃಷ್ಟಿಸಿ ಕೊಡಲಾರರು. ಕಳ್ಳನನ್ನು ತಡೆಯುವ ಗೋಡೆಯೇ ಯಜಮಾನನನ್ನೂ ಹೊರಗೆ ನಿಲ್ಲಿಸುತ್ತದೆ.

2024ರ ಜುಲೈ 19ರ ಘಟನೆ ಇದಕ್ಕೆ ನಿದರ್ಶನ. ಅಂದು ಒಂದು ಭದ್ರತಾ ತಂತ್ರಾಂಶದ ದೋಷಪೂರಿತ ನವೀಕರಣದಿಂದ ಜಗತ್ತಿನಾದ್ಯಂತ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡವು. ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ ಅವುಗಳ ಸಂಖ್ಯೆ 85 ಲಕ್ಷ. ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ನೀಡಬೇಕಾಯಿತು. ಆ ಯಂತ್ರಗಳಲ್ಲಿ ಅನೇಕವನ್ನು ವಿಶೇಷ ವಿಧಾನದಲ್ಲಿ ತೆರೆದು ದೋಷಯುಕ್ತ ಕಡತವನ್ನು ಅಳಿಸಬೇಕಿತ್ತು. ಬಿಟ್‌ಲಾಕರ್ ಇದ್ದ ಕಡೆ ಅದಕ್ಕೆ ಮರುಪ್ರಾಪ್ತಿ ಕೀಲಿ ಬೇಕಾಯಿತು. ಕೀಲಿಯನ್ನು ಕ್ರಮವಾಗಿ ಕಾಯ್ದಿಟ್ಟವರ ಕೆಲಸ ಸುಗಮವಾಯಿತು.

ಆದುದರಿಂದ ಕೀಲಿಯನ್ನು ಕನಿಷ್ಠ ಎರಡು ಕಡೆ ಇಡಬೇಕು. ಒಂದು ಪ್ರತಿ ಮೈಕ್ರೋಸಾಫ್ಟ್ ಖಾತೆಯಲ್ಲಿ, ಇನ್ನೊಂದು ಕಾಗದದ ಮೇಲೆ ಮುದ್ರಿಸಿ ಮನೆಯ ದಸ್ತಾವೇಜುಗಳ ಜೊತೆ ಇರುವುದು ಉತ್ತಮ. ಲ್ಯಾಪ್‌ಟಾಪಿನ ಚೀಲದಲ್ಲಿ ಅದನ್ನು ಎಂದೂ ಇಡಬಾರದು. ಆ ಕಾಗದ ಎಲ್ಲಿದೆ ಎಂಬುದು ಮನೆಯಲ್ಲಿ ಇನ್ನೊಬ್ಬರಿಗಾದರೂ ತಿಳಿದಿರಬೇಕು. ಕೀಲಿಯನ್ನು ಬಲ್ಲವರು ಅಕಾಲದಲ್ಲಿ ತೀರಿಕೊಂಡರೆ ಕುಟುಂಬದ ಭಾವಚಿತ್ರಗಳೂ ಆಸ್ತಿಯ ವಿವರಗಳೂ ಅವರೊಡನೆಯೇ ಮರೆಯಾಗುವ ಸಂಭವವಿದೆ.

ಅಗ್ಗದ ಕೀಲಿಯ ಅಪಾಯ

ಅಂತರಜಾಲದ ಮಾರುಕಟ್ಟೆಗಳಲ್ಲಿಯೂ ನಗರಗಳ ಗಣಕ ಬಜಾರುಗಳಲ್ಲಿಯೂ ಪ್ರೊ ಕೀಲಿಗಳು ಕೆಲವೇ ನೂರು ರೂಪಾಯಿಗಳಿಗೆ ಮಾರಾಟವಾಗುವುದುಂಟು. ದೊಡ್ಡ ಸಂಸ್ಥೆಗಳಿಗೆ ಸಗಟಾಗಿ ನೀಡಿದ ಕೀಲಿಗಳನ್ನು ಬಿಡಿಯಾಗಿ ಮಾರುವುದು ಇದರಲ್ಲಿನ ಒಂದು ತಂತ್ರ. ಇಂಥ ಕೀಲಿ ಇಂದು ಸಕ್ರಿಯವಾದರೂ ನಾಳೆ ರದ್ದಾಗಬಹುದು. ಪರವಾನಗಿ ಇಲ್ಲದೆಯೇ ಸಕ್ರಿಯಗೊಳಿಸಿಕೊಡುವುದಾಗಿ ಹೇಳುವ ಆಕ್ಟಿವೇಟರ್ ತಂತ್ರಾಂಶಗಳು ಇನ್ನೂ ಅಪಾಯಕಾರಿ. ಅವುಗಳನ್ನು ಸ್ಥಾಪಿಸಲು ವೈರಸ್ ನಿರೋಧಕವನ್ನು ಮೊದಲು ನಿಲ್ಲಿಸಬೇಕೆಂದು ಹೇಳಲಾಗುತ್ತದೆ. ಮಾಹಿತಿಯ ರಕ್ಷಣೆಗಾಗಿ ಉನ್ನತೀಕರಣ ಬಯಸಿದವರು ಕಾವಲುಗಾರನನ್ನೇ ಮನೆಗೆ ಕಳುಹಿಸಿ ಅಪರಿಚಿತನನ್ನು ಒಳಗೆ ಕರೆದಂತಾಗುತ್ತದೆ.

ಕಾನೂನಿನ ದೃಷ್ಟಿಯಿಂದಲೂ ಇದು ಗಂಭೀರ ವಿಷಯ. 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಪ್ರಕರಣದ ಮೇರೆಗೆ, ಗಣಕ ತಂತ್ರಾಂಶದ ಅಕ್ರಮ ಪ್ರತಿಯನ್ನು ತಿಳಿದೂ ಬಳಸುವವರಿಗೆ 7 ದಿನಗಳಿಗೆ ಕಡಿಮೆಯಿಲ್ಲದ, 3 ವರ್ಷಗಳವರೆಗಿನ ಕಾರಾವಾಸವನ್ನೂ 50 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ, 2 ಲಕ್ಷ ರೂಪಾಯಿವರೆಗಿನ ದಂಡವನ್ನೂ ವಿಧಿಸಬಹುದಾಗಿದೆ. ಲಾಭ ಅಥವಾ ವ್ಯಾಪಾರದ ಉದ್ದೇಶವಿಲ್ಲದ ಬಳಕೆಯಾಗಿದ್ದರೆ ಶಿಕ್ಷೆಯನ್ನು ಕಡಿಮೆ ಮಾಡುವ ವಿವೇಚನೆ ನ್ಯಾಯಾಲಯಕ್ಕೆ ಇದೆ. ಪರವಾನಗಿಯನ್ನು ಮೈಕ್ರೋಸಾಫ್ಟ್ ಸ್ಟೋರಿನಿಂದ ಇಲ್ಲವೆ ಅಧಿಕೃತ ಮಾರಾಟಗಾರರಿಂದ ಪಡೆದು, ಜಿಎಸ್‌ಟಿ ಸಹಿತ ರಸೀದಿಯನ್ನು ಕಾಯ್ದಿಡುವುದೇ ಸರಿಯಾದ ಕ್ರಮ.

ಪರವಾನಗಿಯ ಅವಧಿ ಮುಗಿದಿದೆ, ಉನ್ನತೀಕರಿಸಿಕೊಡುತ್ತೇವೆ ಎಂದು ದೂರವಾಣಿಯಲ್ಲಿ ಹೇಳಿ ಯಂತ್ರದ ನಿಯಂತ್ರಣವನ್ನು ಕೇಳುವವರು ವಂಚಕರು. ಇಂಥ ವಂಚನೆಗೆ ಸಿಲುಕಿ ಹಣ ಕಳೆದುಕೊಂಡವರು ತಡಮಾಡದೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಿಳಿಸಬೇಕು.

ಬೇರೆ ದಾರಿಗಳೂ ಇವೆ

ಹಣ ತೆರಲಾಗದವರಿಗೆ ಮುಕ್ತ ತಂತ್ರಾಂಶಗಳು ಲಭ್ಯವಿವೆ. ಲಿನಕ್ಸ್ ಆಧಾರಿತ ವ್ಯವಸ್ಥೆಗಳಲ್ಲಿ ಡಿಸ್ಕಿನ ಗೂಢಲಿಪೀಕರಣಕ್ಕೆ ಪ್ರತ್ಯೇಕ ಬೆಲೆಯಿಲ್ಲ. ಭಾರತ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯು ಚೆನ್ನೈಯಲ್ಲಿ ಅಭಿವೃದ್ಧಿಪಡಿಸಿದ ಬಾಸ್ ಎಂಬ ಲಿನಕ್ಸ್ ವ್ಯವಸ್ಥೆಯು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳನ್ನು ಬೆಂಬಲಿಸುತ್ತದೆ. ವಿಂಡೋಸ್ ಹೋಮ್ ಆವೃತ್ತಿಯಲ್ಲಿಯೇ ಇರಬಯಸುವವರು ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶದಿಂದ ಡಿಸ್ಕಿಗೆ ಬೀಗ ಹಾಕಬಹುದು. ಆದರೆ ವೃತ್ತಿಗೆ ಬೇಕಾದ ಇತರ ತಂತ್ರಾಂಶಗಳು ಲಿನಕ್ಸ್‌ನಲ್ಲಿ ನಡೆಯುತ್ತವೆಯೇ ಎಂಬುದನ್ನು ಮೊದಲು ವಿಚಾರಿಸಿಕೊಳ್ಳಬೇಕು. ಯಾವ ದಾರಿ ಹಿಡಿದರೂ ಕೀಲಿಯನ್ನು ಕಾಯುವ ಹೊಣೆ ತಪ್ಪುವುದಿಲ್ಲ.

ಹೊಣೆಯ ಪ್ರಶ್ನೆ

ಇತರರ ಮಾಹಿತಿಯನ್ನು ಇಟ್ಟುಕೊಂಡವರು ಅದನ್ನು ರಕ್ಷಿಸಲು ಸೂಕ್ತ ಕ್ರಮ ಕೈಗೊಳ್ಳಬೇಕೆಂಬ ತತ್ತ್ವವನ್ನು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಅಂಗೀಕರಿಸಿದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಅವುಗಳನ್ನು ಹಂತಹಂತವಾಗಿ ಜಾರಿಗೆ ತರಲು ನಿರ್ಧರಿಸಲಾಯಿತು. ಆದರೆ ಈ ಹೊಣೆ ಕಾನೂನಿಗಿಂತಲೂ ಹಳೆಯದು. ಹಿಂದೆ ಊರಿನ ಶಾನುಭೋಗರು ಲೆಕ್ಕದ ಕಡತಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಕಾಯುತ್ತಿದ್ದುದು ಇಂಥ ನಂಬಿಕೆಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ.

ಕಾರ್ಯಾಚರಣ ವ್ಯವಸ್ಥೆಗೆ ವೃತ್ತಿಪರ ಎಂಬ ಹೆಸರಿದ್ದರೆ ಯಂತ್ರವು ವೃತ್ತಿಗೆ ಯೋಗ್ಯವಾಗಿಬಿಡುವುದಿಲ್ಲ. ಅಗತ್ಯವನ್ನು ಅಳೆದು, ನ್ಯಾಯವಾಗಿ ಕೊಂಡು, ರಕ್ಷಣೆಯನ್ನು ಚಾಲನೆಗೊಳಿಸಿ, ಅದರ ಕೀಲಿಯನ್ನು ಜತನದಿಂದ ಕಾಯ್ದಿಟ್ಟಾಗ ಮಾತ್ರ ತೆತ್ತ ಹಣ ಸಾರ್ಥಕವಾಗುತ್ತದೆ. ಅಂಥವರ ಲ್ಯಾಪ್‌ಟಾಪು ರೈಲಿನಲ್ಲಿ ಕಳೆದುಹೋದರೂ ನಷ್ಟವಾಗುವುದು ಯಂತ್ರ ಮಾತ್ರ. ನಂಬಿದವರ ಮಾಹಿತಿ ಪರರ ಪಾಲಾಗುವುದಿಲ್ಲ.